ತೊರೆಮಾಳಕ್ಕೆ ಎರಡು ದಾರಿ

ಮೂವತ್ತಮೂರು ವರ್ಷ ಹಾಲಿನ ಸಂಸ್ಥೆಯಲ್ಲಿ ದುಡಿದೆ. ಒಂದು ದಿನವೂ ಹಸುವಿನ ಕೆಚ್ಚಲು ಮುಟ್ಟಲಿಲ್ಲ. ಪಿರಿಯಾಪಟ್ಟಣದ ನನ್ನ ತವರಿನಲ್ಲಿ ಇದೊಂದು ಹಳೆಯ ನಗೆಮಾತು. ಹೋದಾಗಲೆಲ್ಲ ಚಿಕ್ಕಪ್ಪ ಕೇಳುತ್ತಿದ್ದರು: "ಅಲ್ಲ ಕಣವ್ವ ಗಿರಿಜಾ, ಹಸ ಕಟ್ನಿಲ್ಲ, ಹಾಲು ಕರೀನಿಲ್ಲ, ಅಲ್ಲಿ ನೀನು ಮಾಡೋದಾದ್ರೂ ಏನು?" ನಾನು ಒಂದೇ ಉಸಿರಿಗೆ ಹೇಳಲು ಹೋಗಿ ತಡವರಿಸುತ್ತಿದ್ದೆ. ಮೊದಲು ಹಾಲು ಪರೀಕ್ಷೆ ಮಾಡುತ್ತಿದ್ದೆ. ಆಮೇಲೆ ರಿಜಿಸ್ಟರ್ ಬರೆದೆ. ಅದಾದ ಮೇಲೆ ಅದೇ ರಿಜಿಸ್ಟರನ್ನು ಕಂಪ್ಯೂಟರಿಗೆ ಕುಟ್ಟಿದೆ. ಕೊನೆಯ ಎಂಟು ವರ್ಷ ಮಾಡಿದ ಕೆಲಸ ಇದು: ಡೇಟಾ ವೇರ್‌ಹೌಸ್‌ನಲ್ಲಿ ರಾಶಿ ಬಿದ್ದಿದ್ದ ಮಾಹಿತಿಯಿಂದ ಯಾವ ಊರು ಯಾವ ರೂಟಿಗೆ ಸೇರುತ್ತದೆ, ಯಾವ ರೂಟು ಯಾವ ಕೇಂದ್ರಕ್ಕೆ ಸೇರುತ್ತದೆ ಎಂಬ ಸಂಬಂಧಗಳನ್ನೆಲ್ಲ ಎತ್ತಿ, ವರದಿ ಕಟ್ಟುವ ಮಾಡೆಲಿಂಗ್ ಟೂಲ್ ಒಳಗೆ ಇಳಿಸುವುದು. ಚಿಕ್ಕಪ್ಪ ಪೂರ್ತಿ ಕೇಳಿ, "ಅಂಗಾದ್ರೆ ಕೂತ್ಕಂಡ್ ಮಾಡೋ ಕೆಲ್ಸ" ಎಂದು ಮುಗಿಸುತ್ತಿದ್ದರು.

ಈಗ ನನ್ನ ಕುರ್ಚಿಯಲ್ಲಿ ಕೂರುವ ಆಫ್ರೀನ್ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಹುಣಸೂರಿನ ಹುಡುಗಿ, ಇಂಜಿನಿಯರಿಂಗ್ ಓದಿದವಳು, ಟೂಲ್ ವಿಷಯದಲ್ಲಿ ನನಗೆ ಗುರು. "ಮೇಡಂ, ಹೊಸಬರು ಸೇರ್ಕೊಳ್ತಿದ್ದಾರೆ. ಮ್ಯಾನುಯಲ್‌ನಲ್ಲಿ ಇಲ್ದೇ ಇರೋದನ್ನ ನೀವು ಬರ್ದುಕೊಡಿ" ಎಂದಳು. ಬಡ್ತಿಗಳ ವಿಷಯ ಬೇಡ. ಬಂದಿದ್ದು ಎರಡು, ತಪ್ಪಿದ್ದು ಒಂದು. ತಪ್ಪಿದಾಗ ಒಂದು ವಾರ ಮುಖ ಊದಿಸಿಕೊಂಡಿದ್ದೆ, ಅಷ್ಟೇ. ನಾನು ಕೆಟ್ಟದಾಗಿ ಮಾಡಿದ ಕೆಲವು ಕೆಲಸಗಳನ್ನೂ, ಆಗ ನನ್ನ ಕೈ ಬಿಡದವರನ್ನೂ ನೆನೆಯುತ್ತೇನೆ.

ನಾನು ಸೇರಿದ್ದು ಕೆ.ಆರ್. ನಗರದ ಕೇಂದ್ರಕ್ಕೆ. ಸುತ್ತಲ ಊರುಗಳ ಹಾಲನ್ನು ಲಾರಿಗಳು ತಂದು ಸುರಿಯುತ್ತಿದ್ದವು, ನಾವು ಅದನ್ನು ಪರೀಕ್ಷಿಸಿ ತಣ್ಣಗೆ ಮಾಡಿ ಮುಂದಕ್ಕೆ ಕಳಿಸುತ್ತಿದ್ದೆವು. ಪ್ರತಿ ಊರಿನ ಹಾಲಿಗೂ ಒಂದು ಸ್ಯಾಂಪಲ್ ಬಾಟಲಿ, ಬಾಟಲಿಯ ಮೇಲೆ ಒಂದು ಕಾಗದದ ಚೀಟಿ, ಚೀಟಿಯ ಮೇಲೆ ಊರಿನ ಹೆಸರು, ಹೊತ್ತು ಮತ್ತು ಕ್ಯಾನಿನ ನಂಬರು. ಎರಡನೆಯ ತಿಂಗಳೇ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ಬೇಸಿಗೆ, ಸ್ಯಾಂಪಲ್ ಕೆಟ್ಟೀತು ಎಂದು ಅಷ್ಟೂ ಬಾಟಲಿಗಳನ್ನು ಐಸ್ ನೀರಿನ ತೊಟ್ಟಿಗೆ ಇಳಿಸಿದೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಚೀಟಿಗಳೆಲ್ಲ ಬಿಟ್ಟುಕೊಂಡು ಮೇಲೆ ತೇಲುತ್ತಿದ್ದವು. ಬಾಟಲಿಗಳೆಲ್ಲ ತಳದಲ್ಲಿ ಒಂದೇ ಥರ ಬೆಳ್ಳಗೆ ನಿಂತಿದ್ದವು.

ಯಾರೂ ನೋಡಿಲ್ಲವೆಂದು ಅಂದಾಜಿನ ಮೇಲೆ ಒಂದೊಂದಕ್ಕೂ ಹೊಸ ಚೀಟಿ ಅಂಟಿಸುತ್ತಾ ಕೂತೆ. ಕೇಂದ್ರದ ಮೇಲ್ವಿಚಾರಕರಾಗಿದ್ದ ಸುಬ್ಬಣ್ಣನವರು ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ಏನಮ್ಮಾ, ನಾಮಕರಣ ನಡೀತಾ ಇದ್ಯಾ?"

ಅವರು ಒಂದೂ ಬೈಗುಳ ಆಡದೆ ಬಾಟಲಿಗಳನ್ನು ತಾವೇ ಎತ್ತಿ ಒಂದೊಂದನ್ನೇ ಮೋರಿಗೆ ಸುರಿದರು. "ಇದು ಯಾವೂರ್ದು ಅಂತ ಗೊತ್ತಿಲ್ದೇ ಇದ್ಮೇಲೆ ಇದು ಬರೀ ಹಾಲು. ಕಾಫಿಗೂ ಬರಲ್ಲ. ನಾಳೆಯಿಂದ ಊರೂರಿಗೂ ಹೋಗಿ ಹೇಳ್ಬಿಟ್ಟು ಬಾ. ಇವತ್ತು ನಿಮ್ಮ ಪರೀಕ್ಷೆ ಆಗಿಲ್ಲ, ತಪ್ಪು ನಂದು ಅಂತ" ಎಂದರು. ಮೂರು ದಿನ ಬಸ್ಸು ಹತ್ತಿ ಇಳಿದು, ನಡೆದು, ಪ್ರತಿ ಊರಿನ ಕಾರ್ಯದರ್ಶಿಯ ಮುಂದೆ ನಿಂತು ಅದನ್ನೇ ಹೇಳಿದೆ. ಒಬ್ಬೊಬ್ಬರು ಬೈದು ಮಜ್ಜಿಗೆ ಕೊಟ್ಟರು, ಒಬ್ಬೊಬ್ಬರು ಮಜ್ಜಿಗೆ ಕೊಟ್ಟು ಬೈದರು. ಎಷ್ಟೋ ವರ್ಷದ ಮೇಲೆ ತರಬೇತಿಯಲ್ಲಿ ಒಬ್ಬರು ಮೆಟಾಡೇಟಾ ಎಂದರೆ ಮಾಹಿತಿಯ ಬಗೆಗಿನ ಮಾಹಿತಿ ಎಂದು ಹಲಗೆಯ ಮೇಲೆ ಬರೆದಾಗ ಉಳಿದವರೆಲ್ಲ ತಲೆ ಕೆರೆದುಕೊಂಡರು. ನನಗೆ ತಕ್ಷಣ ಅರ್ಥವಾಯಿತು. ಸುಬ್ಬಣ್ಣನವರು ಆಗಲೇ ಕಲಿಸಿ ಹೋಗಿದ್ದರು.

ಪಿರಿಯಾಪಟ್ಟಣದ ಪಾಠ ಬೇರೆ ಥರದ್ದು. ರಿಜಿಸ್ಟರ್ ಹೋಗಿ ಕಂಪ್ಯೂಟರ್ ಬಂದಿತ್ತು, ನಾನೂ ಹುಣಸೂರಿನ ಕಚೇರಿಗೆ ಬಂದಿದ್ದೆ. ಹೊರಗಿನ ಕಂಪನಿಯೊಂದರಿಂದ ಬಂದ ತಜ್ಞರು ವರ್ಷವನ್ನು ಮೂರು ಮೂರು ತಿಂಗಳ ನಾಲ್ಕು ತುಂಡು ಮಾಡಿ ವರದಿ ಕಟ್ಟಿಕೊಟ್ಟರು. ಅದರ ಪ್ರಕಾರ ಪಿರಿಯಾಪಟ್ಟಣದ ಕೆಲವು ಊರುಗಳಲ್ಲಿ ಪ್ರತಿ ವರ್ಷ ಒಂದು ತುಂಡಿನಲ್ಲಿ ಹಾಲು ಕುಸಿಯುತ್ತಿತ್ತು. ರೋಗವೇ, ಮೇವಿನ ಕೊರತೆಯೇ ಎಂದು ಚರ್ಚೆಯೋ ಚರ್ಚೆ, ಪಶುವೈದ್ಯರ ತಂಡವನ್ನೂ ಕಳಿಸಿದ್ದಾಯಿತು. ಹೊಗೆಸೊಪ್ಪಿನ ಮನೆಯಲ್ಲೇ ಹುಟ್ಟಿದ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ; ತಜ್ಞರ ಮುಂದೆ ನಮ್ಮ ಮನೆಯ ಮಾತು ಆಡಲು ನಾಚಿಕೆ. ಹಾಲು ಕುಸಿಯುತ್ತಿದ್ದದ್ದು ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ. ಮನೆ ಮಂದಿಯೆಲ್ಲ ಬ್ಯಾರನ್ ಎಂಬ ಸೊಪ್ಪಿನ ಗೂಡಿನ ಮುಂದೆ ಸೌದೆ ಒಟ್ಟುತ್ತಾ ಕೂರುತ್ತಾರೆ, ಹಸುವಿಗೆ ಹುಲ್ಲು ಕೊಯ್ದು ತರುವವರಿಲ್ಲ. ಆ ತಂಡ ಬರಿಗೈಯಲ್ಲಿ ವಾಪಸು ಬಂದ ಮೇಲೆ ಮೆಲ್ಲಗೆ ಹೇಳಿದೆ. ಕಚೇರಿಯ ಮುಖ್ಯಸ್ಥರಾಗಿ ಆಗತಾನೇ ಬಂದಿದ್ದ ಬೋಪಯ್ಯ ಸರ್, ಕೊಡಗಿನವರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದನ್ನು ಮೊದಲೇ ಹೇಳಲಿಕ್ಕೆ ಏನಾಗಿತ್ತು ನಿಮಗೆ? ವರದಿಯಲ್ಲಿ ಸೊಪ್ಪಿನ ಹಂಗಾಮು ಅಂತ ಒಂದು ಹಾಕುವ." ಹಾಕಿದೆವು. ಅವತ್ತಿನಿಂದ ನನಗೆ ಬಾಯಿ ಬಂತು. ಬಹಳ ಬಂತು ಎಂದು ಬೋಪಯ್ಯ ಸರ್ ಆಮೇಲೆ ದೂರಿದ್ದೂ ಉಂಟು.

ಇನ್ನು ತೊರೆಮಾಳದ ವಿಷಯಕ್ಕೆ ಬರುತ್ತೇನೆ. ಆಫ್ರೀನ್ ಬರೆಯಲು ಹೇಳಿದ್ದು ಮುಖ್ಯವಾಗಿ ಇದನ್ನೇ ಎಂದು ನನಗೆ ಗೊತ್ತು.

ಆ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕಿನ ಹಾಲಿನ ಮಾಹಿತಿ ಒಂದೇ ಡೇಟಾ ವೇರ್‌ಹೌಸ್ ಸೇರಿತ್ತು. ಲಾರಿ ಚಾಲಕರು ಅದನ್ನು ಗೋಡೌನ್ ಎನ್ನುತ್ತಿದ್ದರು. ಅದರಲ್ಲಿ ತಪ್ಪೇನೂ ಇಲ್ಲ. ಗೋಡೌನಿನಲ್ಲಿ ಇರುವುದನ್ನು ಮೇಲಿನವರು ಹಾಗೇ ಓದಲಾರರು. ಅದಕ್ಕೇ ಮಾಡೆಲಿಂಗ್ ಟೂಲ್. ಯಾವ ಕೋಷ್ಟಕದಲ್ಲಿ ಏನಿದೆ, ಯಾವ ಕಾಲಮ್ಮಿಗೆ ಏನು ಅರ್ಥ, ಯಾವುದು ಯಾವುದರ ಕೆಳಗೆ ಬರುತ್ತದೆ ಎಂಬುದನ್ನು ಮೊದಲು ಟೂಲ್ ಒಳಗೆ ಇಂಪೋರ್ಟ್ ಮಾಡಬೇಕು. ನಮ್ಮಲ್ಲಿ ಏಣಿ ಹೀಗಿತ್ತು: ಊರಿನ ಸಂಘ, ಅದರ ಮೇಲೆ ಹಾಲಿನ ಲಾರಿಯ ರೂಟು, ಅದರ ಮೇಲೆ ಕೇಂದ್ರ, ಅದರ ಮೇಲೆ ತಾಲ್ಲೂಕು. ಈ ಏಣಿ ಸರಿಯಾಗಿ ನಿಂತರೆ ಮೇಲಿನವರು ಒಂದು ತಾಲ್ಲೂಕನ್ನು ಒತ್ತಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಒಂದು ಊರಿನ ಇವತ್ತಿನ ಹಾಲು ಎಷ್ಟೆಂದು ನೋಡಬಹುದು.

ಇಂಪೋರ್ಟ್ ಮಾಡಿದ ದಿನ ಆಫ್ರೀನ್ ಪಕ್ಕದಲ್ಲಿದ್ದಳು, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಎಲ್ಲ ಸಲೀಸಾಗಿ ಇಳಿಯಿತು. ಕೊನೆಯಲ್ಲಿ ಹಳದಿ ಬಣ್ಣದ ಒಂದು ಸೂಚನೆ ಬಂತು. ಒಂದಕ್ಕಿಂತ ಹೆಚ್ಚು ಪೇರೆಂಟ್, ಅಂದರೆ ಏಣಿಯಲ್ಲಿ ಮೇಲಿನ ಮೆಟ್ಟಿಲು, ಇರುವ ಸದಸ್ಯರು ಸಿಕ್ಕಿದ್ದಾರೆ, ಮೊದಲನೆಯದನ್ನು ಮಾತ್ರ ಉಳಿಸಿಕೊಳ್ಳಲೇ ಎಂದು ಟೂಲ್ ಕೇಳುತ್ತಿತ್ತು.

"ಮೇಡಂ, ಇದೇನೋ ಹೇಳ್ತಿದೆ" ಎಂದಳು ಆಫ್ರೀನ್.

"ಅದು ಯಾವಾಗಲೂ ಏನಾದ್ರೂ ಹೇಳ್ತಾನೇ ಇರುತ್ತೆ, ಬಿಡು" ಎಂದು ನಾನು ಸರಿ ಎಂಬುದನ್ನು ಒತ್ತಿದೆ. ಒಂದು ಊರಿಗೆ ಎರಡು ರೂಟು ಹೇಗಿರಲು ಸಾಧ್ಯ, ಯಾರೋ ಎರಡು ಸಲ ನಮೂದಿಸಿದ್ದಾರೆ ಎಂದುಕೊಂಡೆ. ಎದ್ದು ಕಾಫಿ ಕುಡಿಯಲು ಹೋದದ್ದೂ ನೆನಪಿದೆ.

ಕೆಲವು ತಿಂಗಳು ಕಳೆದವು. ಆಡಳಿತ ಮಂಡಳಿಯವರು ಐದು ತಿಂಗಳಿಂದ ಒಂದು ಹನಿ ಹಾಲೂ ಬಾರದ ಸಂಘಗಳ ಪಟ್ಟಿ ಕೇಳಿದರು. ಹಿಂದೆಲ್ಲ ಇಂಥ ಪಟ್ಟಿಗೆ ಹದಿನೈದು ದಿನ ಬೇಕಿತ್ತು. ನಾನು ಹತ್ತು ನಿಮಿಷದಲ್ಲಿ ಕೊಟ್ಟೆ. ಒಂಬತ್ತು ಊರು. ಮಂಡಳಿಯವರು ಬೆನ್ನು ತಟ್ಟಿದರು. ಬೋಪಯ್ಯ ಸರ್ ಸಹಿ ಹಾಕಿದರು. ಆ ಒಂಬತ್ತು ಸಂಘಗಳನ್ನು ಮುಚ್ಚುವುದು, ಹಾಲು ಪರೀಕ್ಷೆಯ ಯಂತ್ರವನ್ನು ವಾಪಸು ತರುವುದು, ಯಾರಾದರೂ ಹಾಲು ಹಾಕುವವರಿದ್ದರೆ ಪಕ್ಕದ ಊರಿನಲ್ಲಿ ಹಾಕಿಕೊಳ್ಳಲಿ ಎಂದು ನೋಟೀಸು ಹೋಯಿತು.

ನೋಟೀಸು ಹೋದ ಆರನೆಯ ದಿನ, ಒಂದು ಗುರುವಾರ ಮಧ್ಯಾಹ್ನ, ಹುಣಸೂರಿನ ನಮ್ಮ ಕಚೇರಿಯ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಐವತ್ತರ ಆಚೆಯ ವಯಸ್ಸು, ಕೈಯಲ್ಲಿ ವೈರ್ ಬ್ಯಾಗು, ಸೀರೆಯ ಅಂಚು ಮೊಣಕಾಲವರೆಗೆ ಒದ್ದೆಯಾಗಿ ಒಣಗಿದ ಗುರುತು.

"ಗಿರಿಜಮ್ಮ ಅನ್ನೋರು ಯಾರು?"

"ನಾನೇ. ಬನ್ನಿ, ಕೂತ್ಕೊಳ್ಳಿ."

"ಕೂರಕೆ ಬಂದಿಲ್ಲ ಕಣವ್ವ. ನಾನು ತೊರೆಮಾಳದ ಪುಟ್ಟತಾಯಮ್ಮ, ಸಂಘದ ಸೆಕ್ರೆಟ್ರಿ. ನಮ್ ಸಂಘ ಸತ್ತೋಗದೆ ಅಂತ ಕಾಗ್ದ ಕಳ್ಸಿರೋರು ನೀವೇಯಾ? ಇವತ್ ಬೆಳಿಗ್ಗೆ ಆಲು ಆಕಿಸ್ಕಂಡು, ಕ್ಯಾನ್ ಕಳಿಸ್ಬುಟ್ಟು ಬಸ್ ಅತ್ತಿವ್ನಿ. ಸತ್ತೋರು ಆಲು ಆಕ್ತಾರಾ?"

ತೊರೆಮಾಳ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕಬಿನಿ ಹಿನ್ನೀರಿನ ಅಂಚಿಗಿರುವ ಸಣ್ಣ ಊರು. ಹೆಂಗಸರೇ ನಡೆಸುವ ಸಂಘ. ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. "ನೋಡಿ ಅಮ್ಮ, ಆಷಾಢದಿಂದ ಈಚೆಗೆ ಎಲ್ಲಾ ಸೊನ್ನೆ."

ಅವರು ಪರದೆ ನೋಡಲೇ ಇಲ್ಲ. ಬ್ಯಾಗಿನಿಂದ ನಾಲ್ಕು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ದಿನಕ್ಕೆ ಎರಡು ಹೊತ್ತು, ಒಬ್ಬೊಬ್ಬಳು ಎಷ್ಟು ಲೀಟರ್ ಹಾಕಿದಳು, ಎಲ್ಲ ನೀಟಾಗಿ ಬರೆದಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ಅದರಲ್ಲೂ ನನ್ನ ಕೆಲಸವನ್ನು ಯಾರಾದರೂ ಸುಳ್ಳು ಎಂದರೆ. "ನೋಟ್‌ಬುಕ್ ಯಾರು ಬೇಕಾದರೂ ಬರೀಬಹುದಮ್ಮ" ಎಂದುಬಿಟ್ಟೆ. ಮೂವತ್ತಮೂರು ವರ್ಷದಲ್ಲಿ ಆಡಿದ ಮಾತುಗಳಲ್ಲಿ ಒಂದನ್ನು ವಾಪಸು ತೆಗೆದುಕೊಳ್ಳಬಹುದು ಎಂದರೆ ಅದನ್ನೇ ತೆಗೆದುಕೊಳ್ಳುತ್ತೇನೆ.

ಪುಟ್ಟತಾಯಮ್ಮ ಜಗಳಕ್ಕೆ ಬರಲಿಲ್ಲ. ನೋಟ್‌ಬುಕ್‌ಗಳನ್ನು ಒಂದೊಂದಾಗಿ ಬ್ಯಾಗಿಗೆ ಹಾಕಿಕೊಂಡರು. "ಮೂವತ್ತೊಂದು ಜನ ಎಂಗಸ್ರು ಅವ್ರೆ ತಾಯಿ. ಆ ಪಕ್ಕದೂರ್ಗೆ ನೀರು ಸುತ್ತಾಕ್ಕಂಡು ಓಗೋ ಒತ್ಗೆ ಆಲು ಒಡ್ದೋಯ್ತದೆ. ನಮ್ಮೂರಲ್ಲಿ ಎಂಗಸ್ರ ಎಸ್ರಲ್ಲಿರೋದು ಇದೊಂದೇಯ, ಮನೇನೂ ಇಲ್ಲ, ಒಲಾನೂ ಇಲ್ಲ. ಸೋಮವಾರ ಮಿಶನ್ ಎತ್ಕಂಡೋಗಕೆ ಬತ್ತಾರಂತೆ. ನಿಮ್ ಕಂಪೂಟರ್ಗೆ ಕಣ್ಣಿಲ್ಲ, ನಿಮ್ಗವೆಯಲ್ಲ. ಅಷ್ಟ್ರೊಳ್ಗೆ ಒಂದ್ ಕಿತ ಬಂದು ನೋಡ್ಬುಡಿ" ಎಂದು ಹೇಳಿ, ಕೊಟ್ಟ ನೀರನ್ನೂ ಕುಡಿಯದೆ ಹೊರಟರು.

ಅವತ್ತು ಸಂಜೆಯವರೆಗೂ ಲೆಕ್ಕಾಚಾರ ತಿರುವಿ ಹಾಕಿದೆ. ಆ ತಾಲ್ಲೂಕಿನ ಹಂಪಾಪುರ ಕೇಂದ್ರದ ಒಟ್ಟು ಹಾಲು ಸರಿಯಾಗಿತ್ತು, ಎಚ್.ಡಿ. ಕೋಟೆ ಕೇಂದ್ರದ್ದೂ ಸರಿಯಾಗಿತ್ತು. ಒಟ್ಟು ಸರಿ ಇದ್ದ ಮೇಲೆ ಒಳಗೆ ತಪ್ಪಿರಲಾರದು ಎಂದು ಮನಸ್ಸು ಹೇಳುತ್ತಿತ್ತು. ಊರಿನವರಿಗೆ ಹಾಲಿನ ಹಣ ಬಟವಾಡೆ ಮಾಡುವ ಶಾಖೆ ಬೇರೆ, ಅವರ ಪ್ರೋಗ್ರಾಮೂ ಬೇರೆ. ಅವರನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೂ ಇಲ್ಲ. ಆದರೂ ಆ ಹೆಂಗಸಿನ ಒದ್ದೆ ಸೀರೆಯ ಅಂಚು ಕಣ್ಣಿಂದ ಹೋಗಲಿಲ್ಲ. ನೀರು ತುಂಬಿರುವಾಗ ತೊರೆಮಾಳದ ಕಡೆ ಹೋಗಲು ಅದೇ ಹತ್ತಿರ ಎಂದು ಯಾರೋ ಹೇಳಿದ್ದರಿಂದ, ಶನಿವಾರ ರಜೆ ಹಾಕಿ ಹಂಪಾಪುರದಿಂದ ಹೊರಡುವ ಹಾಲಿನ ಲಾರಿ ಹತ್ತಿದೆ. ಚಾಲಕ ನಂಜುಂಡಣ್ಣ, ಆ ರೂಟಿನಲ್ಲಿ ಇಪ್ಪತ್ತು ವರ್ಷ ಓಡಿಸಿದವರು.

ಹಿನ್ನೀರಿನ ದಡದಲ್ಲಿ ಲಾರಿ ನಿಂತಾಗ ಮಂಜು ಇನ್ನೂ ಎದ್ದಿರಲಿಲ್ಲ. ಸುತ್ತ ಊರೇ ಕಾಣಲಿಲ್ಲ. "ಇಲ್ಲಿ ಯಾಕೆ ನಿಲ್ಲಿಸಿದ್ರಿ?" ಎಂದೆ. "ಬತ್ತದೆ ತಡೀರಿ" ಎಂದರು ನಂಜುಂಡಣ್ಣ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಹುಟ್ಟಿನ ಸದ್ದು ಕೇಳಿತು. ಒಂದು ತೆಪ್ಪ ಬಂತು. ಅದರ ನಡುವೆ ಮೂರು ಹಾಲಿನ ಕ್ಯಾನು, ಅವು ಅಲುಗಾಡದಂತೆ ಎರಡೂ ಕೈಯಲ್ಲಿ ತಬ್ಬಿ ಕೂತ ಇಬ್ಬರು ಹೆಂಗಸರು. ಕ್ಯಾನಿನ ಮೇಲೆ ಕೆಂಪು ಬಣ್ಣದಲ್ಲಿ ತೊರೆಮಾಳ ಎಂದು ಬರೆದಿತ್ತು.

"ಇದು ದಿನಾ ಬರುತ್ತಾ ನಂಜುಂಡಣ್ಣ?"

"ದಿನಾ ಎಲ್ಬಂತು ಮೇಡಮ್ಮೋರೆ! ನೀರು ತುಂಬ್ಕಂಡಾಗ ನಮ್ ರೂಟು. ಬೇಸ್ಗೇಲಿ ನೀರು ಇಳಿದ್ರೆ ಊರ್ ಮುಂದೆ ನೆಲ ಬುಟ್ಕತದೆ, ಆಗ ಆ ಕಡೆಯಿಂದ ಅಂತರ್ಸಂತೆ ರೂಟು, ಕ್ವಾಟೆ ಸೆಂಟ್ರು. ಈ ಊರ್ಗೆ ತವರುಮನೆನೂ ಅದೆ, ಗಂಡನ್ ಮನೆನೂ ಅದೆ. ಯಾಕೆ, ನಿಮ್ಗೆ ಗೊತ್ತಿರ್ನಿಲ್ವಾ?"

ನನಗೆ ಗೊತ್ತಿರಲಿಲ್ಲ. ಗೋಡೌನಿಗೆ ಗೊತ್ತಿತ್ತು. ಯಾರೋ ಪುಣ್ಯಾತ್ಮರು ತೊರೆಮಾಳವನ್ನು ಎರಡು ಸಾಲಿನಲ್ಲಿ, ಎರಡು ರೂಟಿನ ಕೆಳಗೆ ಸರಿಯಾಗಿಯೇ ನಮೂದಿಸಿದ್ದರು. ಟೂಲ್‌ಗೂ ಅನುಮಾನ ಬಂದು ಹಳದಿ ಬಣ್ಣದಲ್ಲಿ ಕೇಳಿತ್ತು. ಆಫ್ರೀನ್ ಕೂಡ ಕೇಳಿದ್ದಳು. ನಾನು ಅಂತರಸಂತೆ ರೂಟನ್ನು ಉಳಿಸಿ ಇನ್ನೊಂದನ್ನು ಕತ್ತರಿಸಿದ್ದೆ. ಅಲ್ಲಿಂದಾಚೆಗೆ ತೆಪ್ಪದಲ್ಲಿ ಬಂದ ಹಾಲಿಗೆಲ್ಲ ಏಣಿಯಲ್ಲಿ ಜಾಗ ಸಿಗದೆ ಹಂಪಾಪುರದ ಕೆಳಗೆ ಇತರೆ ಎಂಬ ಸಾಲಿಗೆ ಬಿದ್ದಿತ್ತು. ಅದಕ್ಕೇ ಒಟ್ಟು ಸರಿಯಾಗಿತ್ತು. ಆ ದಡದಲ್ಲಿ ನಿಂತು ನನಗೆ ಅಳು ಬಂತು. ನಂಜುಂಡಣ್ಣ ನೋಡದವರಂತೆ ಕ್ಯಾನು ಎತ್ತುತ್ತಿದ್ದರು. ಅವರ ಆ ಉಪಕಾರವನ್ನೂ ಮರೆತಿಲ್ಲ.

ಭಾನುವಾರ ಬೆಳಿಗ್ಗೆ ಬೋಪಯ್ಯ ಸರ್ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು. "ಉಳಿದ ಎಂಟು ಊರು?"

"ಗೊತ್ತಿಲ್ಲ ಸರ್."

"ಹಾಗಾದರೆ ಒಂಬತ್ತನ್ನೂ ನಿಲ್ಲಿಸುವ. ನಾಳೆ ಮಂಡಳಿ ಕೂರ್ತದೆ. ನೀವೇ ಹೇಳಬೇಕು. ನಾನು ಪಕ್ಕದಲ್ಲಿ ಕೂತಿರ್ತೇನೆ."

ಸೋಮವಾರ ಮಂಡಳಿಯ ಎದುರು ನಿಂತೆ. ಹೇಳಿ ಮುಗಿಸುವಷ್ಟರಲ್ಲಿ ನಿರ್ದೇಶಕರೊಬ್ಬರು, ನನ್ನ ಮೇಲೆ ವಿಶ್ವಾಸವಿದ್ದವರೇ, ನನಗೆ ಒಂದು ಬಾಗಿಲು ತೆರೆದರು. "ಹೊಸದಾಗಿ ಒಂದು ಹುಡುಗಿ ಸೇರಿದೆಯಲ್ಲ, ಅದರ ಕೈಯಲ್ಲಿ ಆಗಿರಬೇಕು. ಗಿರಿಜಮ್ಮನೋರು ಇಂಥ ತಪ್ಪು ಮಾಡೋರಲ್ಲ." ಆಫ್ರೀನ್ ಕಾಯಂ ಆಗಿರಲಿಲ್ಲ. ನಾನು ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಒಂದು ಕ್ಷಣ ಸುಮ್ಮನಿದ್ದೆ ಎಂಬುದನ್ನೂ ಬರೆಯಬೇಕು.

"ಇಲ್ಲ ಸರ್. ಇದೇನು ಅಂತ ಅವಳು ಕೇಳಿದಳು. ಬಿಡು ಅಂದವಳು ನಾನು."

"ನೋಡದೆ ಸಹಿ ಹಾಕಿದವ ನಾನು" ಎಂದರು ಬೋಪಯ್ಯ ಸರ್, ಕನ್ನಡಕ ಒರೆಸಿಕೊಳ್ಳುತ್ತಾ.

ಆದೇಶ ನಿಂತಿತು. ಆದರೆ ಯಂತ್ರ ತರುವ ವ್ಯಾನು ಬೆಳಿಗ್ಗೆಯೇ ಹೊರಟಿತ್ತು, ಹಿನ್ನೀರಿನ ಕಡೆ ಆಗ ಫೋನು ಸಿಗುತ್ತಿರಲಿಲ್ಲ. ಹಂಪಾಪುರಕ್ಕೆ ಫೋನು ಮಾಡಿ ಯಾರನ್ನಾದರೂ ಅಟ್ಟಿ ಎಂದು ಗೋಗರೆದೆ. ನಂಜುಂಡಣ್ಣ ಊಟ ಬಿಟ್ಟು ಯಾರದ್ದೋ ಬೈಕಿನಲ್ಲಿ ಓಡಿದರು. ಹೋಗಿ ನೋಡಿದರೆ ವ್ಯಾನಿನವನು ಬೆಳಿಗ್ಗೆಯಿಂದ ದಡದಲ್ಲೇ ಕೂತಿದ್ದನಂತೆ. ತೆಪ್ಪದವನು ಅವನನ್ನು ಹತ್ತಿಸಿಕೊಂಡಿರಲೇ ಇಲ್ಲ. "ಇದು ಆಲಿನ್ ತೆಪ್ಪ ಕಣಪ್ಪ. ಕ್ಯಾನ್ಗೆ ಮಾತ್ರ ಜಾಗ ಇರಾದು" ಎಂದು ಮೂರು ಸಲ ಅವನ ಮುಂದೆಯೇ ಹೋಗಿ ಬಂದಿದ್ದನಂತೆ.

ಉಳಿದ ಎಂಟು ಊರುಗಳಿಗೂ ನಾನು ಮತ್ತು ಆಫ್ರೀನ್ ಖುದ್ದಾಗಿ ಹೋಗಿ ನೋಡಿದೆವು. ಏಳು ನಿಜವಾಗಿಯೂ ನಿಂತಿದ್ದವು. ಎಂಟನೆಯದು, ಹುಣಸೂರಿನ ಕಾಡಂಚಿನ ಊರು, ಬದುಕಿತ್ತು. ರಾಗಿ ಬಿತ್ತಿದಾಗಿನಿಂದ ಕೊಯ್ಲಿನವರೆಗೆ ಆನೆ ಇಳಿಯುತ್ತವೆಂದು ಅಲ್ಲಿಯ ಹಾಲಿಗೂ ಬೇರೆ ದಾರಿ ಇತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಆಫ್ರೀನ್ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಮಂಡಳಿಯಲ್ಲಿ ಏನಾಯಿತೆಂದು ಅವಳಿಗೆ ಯಾರೋ ಹೇಳಿದ್ದರು.

ಅವಳೇ ಟೂಲ್ ಒಳಗೆ ಏಣಿಯನ್ನು ಮತ್ತೆ ಕಟ್ಟಿದಳು. ಪ್ರತಿ ಊರಿಗೂ ಅದರ ರೂಟಿನ ಜೊತೆಗೆ ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನು ಸೇರ್ಪಡೆ ಮಾಡಿದಳು. ಒಂದು ಊರು ಎರಡು ಕಡೆ ಇರಬಹುದು, ಆದರೆ ಒಂದು ದಿನ ಒಂದೇ ಕಡೆ. ಇತರೆ ಎಂಬ ಸಾಲಿಗೆ ಒಂದು ಲೀಟರ್ ಬಿದ್ದರೂ ಕೆಂಪು ದೀಪ ಹತ್ತುವಂತೆ ಮಾಡಿದಳು. ನಾನು ಮಾಡಿದ್ದು ಒಂದೇ. ವರ್ಷಕ್ಕೆ ಎರಡು ಸಲ, ಇಂಪೋರ್ಟಿಗೆ ಮುಂಚೆ, ಪ್ರತಿ ಕೇಂದ್ರದ ಅಂಗಳದಲ್ಲಿ ನೆರಳಿಗೆ ಕುರ್ಚಿ ಹಾಕಿಸಿ, ಚಾಲಕರನ್ನೂ ಕಾರ್ಯದರ್ಶಿಗಳನ್ನೂ ಕೂರಿಸಿ, ಪಟ್ಟಿಯನ್ನು ಗಟ್ಟಿಯಾಗಿ ಓದುವುದು. ಈ ಊರು, ಈ ರೂಟು, ಈ ಕೇಂದ್ರ. ಮೊದಲ ಸಲ ಮೇಲಿನವರು ನಕ್ಕರು. "ಇಲ್ಲ ಇಲ್ಲ ಮೇಡಮ್ಮೋರೆ, ಆ ಸೇತ್ವೆ ಬಿದ್ದೋಗಿ ಎಷ್ಟ್ ದಿನ ಆಯ್ತು!" ಎಂದು ಚಾಲಕರು ಒಂದರ ಮೇಲೊಂದು ಕೂಗತೊಡಗಿದ ಮೇಲೆ ನಗುವುದನ್ನು ಬಿಟ್ಟು ಬರೆದುಕೊಂಡರು. ಹೊಸಬರೇ, ಟೂಲ್ ಬದಲಾದರೂ ಈ ಓದುವುದನ್ನು ಬಿಡಬೇಡಿ.

ಆಮೇಲಿನ ವರ್ಷ ಕೆಲವು ಊರುಗಳಲ್ಲಿ ಹಸುಗಳ ಕಿವಿಗೆ ನಂಬರಿನ ಬಿಲ್ಲೆ ಹಾಕಿ, ಒಂದೊಂದು ಹಸುವಿನ ಹಾಲನ್ನೂ ಬೇರೆ ಬೇರೆಯಾಗಿ ಬರೆದಿಡುವ ಪದ್ಧತಿ ಬಂತು. ಏಣಿಗೆ ಕೆಳಗೆ ಇನ್ನೆರಡು ಮೆಟ್ಟಿಲು ಸೇರಿದವು: ಸಂಘ, ಸದಸ್ಯೆ, ಹಸು. ತೊರೆಮಾಳದ ಮಾಹಿತಿ ಇಳಿಸುವಾಗ ಮತ್ತೆ ಹಳದಿ ಸೂಚನೆ. ಈ ಸಲ ಎರಡು ಸಲ ಓದಿದೆ. ಒಂದು ಸಾಲಿನಲ್ಲಿ ಹಾಲಿನ ಅಂಕಿ ಇಲ್ಲ, ತೆಗೆದುಹಾಕಲೇ ಎಂದಿತ್ತು. ಬಿಡಿಸಿ ನೋಡಿದೆ. ಸದಸ್ಯೆ ಪುಟ್ಟತಾಯಮ್ಮ. ಹಸುವಿನ ಹೆಸರು ಗಿರಿಜಾ. ಹಾಲು ಸೊನ್ನೆ.

ಅಷ್ಟರಲ್ಲಿ ಆ ಊರಿಗೂ ಫೋನು ಸಿಗತೊಡಗಿತ್ತು, ಮಾಡಿದೆ. ಆ ಕಡೆ ಪುಟ್ಟತಾಯಮ್ಮ ನಗುತ್ತಿದ್ದರು.

"ಕರ ಕಣವ್ವ ಅದು, ಉಟ್ಟಿ ಒಂದ್ ತಿಂಗ್ಳಾಯ್ತು. ನಿಮ್ ಎಸ್ರು ಮಡಗಿವ್ನಿ. ತಪ್ಪು ನಂದು ಅಂತ ದೊಡ್ಡೋರ್ ಮುಂದೆ ನಿಂತ್ಕಂಡು ಯೋಳಿದ್ರಂತಲ್ಲ, ನಂಜುಂಡಣ್ಣ ಅಂದ. ಬಿಲ್ಲೆ ಆಕಕೆ ಬಂದೋರ್ಗೆ ಇದ್ಕೂ ಒಂದ್ ಆಕ್ರಪ್ಪಾ ಅಂದೆ."

"ಹಾಲು ಕೊಡದೇ ಇರೋದನ್ನ ಪಟ್ಟಿಗೆ ಸೇರಿಸೋ ಹಾಗಿಲ್ಲ ಅಮ್ಮ."

"ಅದು ಬೆಳ್ದು ಕಡಸಾಗಿ ಈಯೋಗಂಟ ಸೊನ್ನೆನೇಯ. ಅಲ್ಲಿಗಂಟ ಅಳಿಸ್ಬ್ಯಾಡಿ. ಈ ದಪ ಕಾಯಿರಿ."

ಕಾದೆ. ಪ್ರತಿ ಸಲ ಇಂಪೋರ್ಟ್ ಮಾಡುವಾಗಲೂ ಟೂಲ್ ಆ ಸಾಲನ್ನು ತೆಗೆಯಲೇ ಎಂದು ಕೇಳುತ್ತಿತ್ತು, ಪ್ರತಿ ಸಲವೂ ಬೇಡ ಎಂದೆ. ನಾನು ನಿವೃತ್ತಳಾದ ದಿನವೂ ಅಲ್ಲಿ ಸೊನ್ನೆಯೇ ಇತ್ತು. ಕೀಲಿಕೈ, ಪಾಸ್‌ವರ್ಡು ಎಲ್ಲ ಒಪ್ಪಿಸಿದ ಮೇಲೆ ಆಫ್ರೀನ್‌ಗೆ ಅದೊಂದನ್ನು ಬಾಯಿಬಿಟ್ಟು ಹೇಳಿ ಬಂದೆ.

ನಿವೃತ್ತಿಯಾಗಿ ವರ್ಷ ತುಂಬುತ್ತಾ ಬಂದಿತ್ತು. ಮೊನ್ನೆ ಬೆಳಿಗ್ಗೆ, ಮಳೆ ಹಿಡಿದು ಹತ್ತು ದಿನವಾಗಿತ್ತು, ಅಡುಗೆಮನೆಯಲ್ಲಿದ್ದಾಗ ಫೋನು ಬಂತು.

"ಮೇಡಂ, ಗಿರಿಜಾ ಸಾಲಲ್ಲಿ ಹಾಲು ಬಿದ್ದಿದೆ. ನಾಲ್ಕೂವರೆ ಲೀಟರ್."

ಕೈಯಲ್ಲಿದ್ದ ಸೌಟನ್ನು ಅಲ್ಲೇ ಇಟ್ಟು ಕೂತುಬಿಟ್ಟೆ. ಸಂತೋಷಕ್ಕೆ ಅಳು ಬರುತ್ತಿತ್ತು. ಆದರೂ ಬಾಯಿಗೆ ಬಂದದ್ದು ಹಳೆಯ ಅಭ್ಯಾಸದ ಪ್ರಶ್ನೆಯೇ. "ಯಾವ ರೂಟಿನ ಕೆಳಗೆ ತೋರಿಸ್ತಿದೆ? ಸರಿಯಾಗಿ ನೋಡಿದ್ಯಾ?"

"ಹಂಪಾಪುರ ಮೇಡಂ. ತೆಪ್ಪದಲ್ಲೇ ಬಂತು" ಎಂದಳು ಆಫ್ರೀನ್. "ನಾನು ಈಗ ದಡದಿಂದಲೇ ಬರ್ತಾ ಇದೀನಿ."